ವೆಂಡೆಲ್ ಪ್ರೌಟ್ ಹೂಡಿದ ಪೈ ಸಮರ

ಸಾನ್ ಬೆನಿಲ್ಡೊ ಊರಿನಲ್ಲಿ ವೆಂಡೆಲ್ ಪ್ರೌಟ್ ಕ್ಲೋರಿನ್ ಸುರಿದು ಶುಚಿ ಮಾಡದ ಈಜುಕೊಳವಿಲ್ಲ. ತಲೆ ನರೆಯುವವರೆಗೂ ಉದ್ದ ಕೋಲಿನ ಬಲೆಯನ್ನು ಗಾಂಡೀವದಂತೆ ಹೆಗಲಿಗೇರಿಸಿ ಮನೆಮನೆಯ ಹಿತ್ತಿಲು ಹೊಕ್ಕು, ಒಣಗಿದೆಲೆ, ಸತ್ತ ಇಲಿ, ಒಮ್ಮೆ ಬ್ಯಾಂಕ್ ಮ್ಯಾನೇಜರರ ವಿಗ್ಗನ್ನೂ ನೀರಿನಿಂದ ಉದ್ಧರಿಸಿದ ಧೀರ ಅವನು. ಇಂಥ ವೀರನಿಗೆ ಮುಪ್ಪಿನಲ್ಲಿ ಒಂದೇ ಆಸೆ ಉಳಿದಿತ್ತು. ಹಿಟ್ಟಿನ ಹೊದಿಕೆಯೊಳಗೆ ಏಪ್ರಿಕಾಟ್ ಹಣ್ಣು ತುಂಬಿ ಬೇಯಿಸುವ ಪೈಗಳ ಜೂನ್ ತಿಂಗಳ ಸ್ಪರ್ಧೆಯಲ್ಲಿ ಮೊದಲ ಬಹುಮಾನದ ನೀಲಿ ರಿಬ್ಬನ್ ಗೆಲ್ಲಬೇಕು. ಬರೀ ಗೆಲ್ಲುವುದಲ್ಲ, ಆರ್ಲೀನಳಿಂದ ಕಿತ್ತುಕೊಂಡು ಗೆಲ್ಲಬೇಕು.

ಆರ್ಲೀನ್ ಅವನ ಮಾಜಿ ಹೆಂಡತಿ. ವಿಚ್ಛೇದನದ ದಿನ ಯಾರಿಗೇನು ಬೇಕು ಎಂದು ವಕೀಲರು ಕೇಳಿದಾಗ ವೆಂಡೆಲ್ ಎದೆಯುಬ್ಬಿಸಿ ಮೀನು ಹಿಡಿಯುವ ದೋಣಿ ಕೇಳಿದ. ಆರ್ಲೀನ್ ಏನನ್ನೂ ಕೇಳಲಿಲ್ಲ. ಅವಳಿಗೆ ಬೇಕಾದದ್ದು ಆಗಲೇ ಅವಳ ಬೆರಳುಗಳಲ್ಲಿತ್ತು. ವೆಂಡೆಲನ ತಾಯಿ ಕೊನೆಗಾಲದಲ್ಲಿ ಮಗನ ಮನೆಯಲ್ಲಿದ್ದಾಗ ತನ್ನ ಪೈ ವಿದ್ಯೆಯನ್ನು ಸೊಸೆಗೆ ಧಾರೆಯೆರೆದು ಕಣ್ಣು ಮುಚ್ಚಿದ್ದಳು. ಆಗ ಮಗ ಅಡುಗೆಮನೆಗೆ ಬರುತ್ತಿದ್ದುದು ಬಿಯರ್‌ಗಾಗಿ ಮಾತ್ರ. ಆಮೇಲೆ ಪ್ರತಿ ಬೇಸಿಗೆಯಲ್ಲೂ ಆರ್ಲೀನ್ ಅತ್ತೆಯ ಪೈ ಮಾಡಿ ಗೆದ್ದಳು. ವೆಂಡೆಲ್ ತನ್ನಮ್ಮನ ಪೈಗೆ ಪರರೊಡನೆ ನಿಂತು ಚಪ್ಪಾಳೆ ತಟ್ಟಿದ.

ಈ ಊರಿನಲ್ಲಿ ಪೈಗೆ ತೀರ್ಪು ಕೊಡುವವನು ಊರವನಾಗಿರಕೂಡದು. ಹಿಂದೆ ಊರವರೇ ತೀರ್ಪು ಕೊಡುತ್ತಿದ್ದ ಕಾಲದಲ್ಲಿ ಮದುವೆಗಳು ಮುರಿದು, ಒಂದು ಚರ್ಚು ಎರಡಾಗಿತ್ತು. ಆದ್ದರಿಂದ ಸ್ಪರ್ಧೆಯ ಬೆಳಿಗ್ಗೆ ಊರು ನೋಡಲು ಬಂದ ಮೊದಲ ಪರವೂರಿನ ಕಾರನ್ನು ಚೌಕದಲ್ಲಿ ತಡೆದು, ಇಳಿದವನನ್ನು ಮೇಯರ್ ಪೆಗಿ ಲಿಂಡ್‌ಕ್ವಿಸ್ಟ್ ರಟ್ಟೆ ಹಿಡಿದು ತಂದು ಪೈಗಳ ಮುಂದೆ ಕೂರಿಸುವುದು ಪದ್ಧತಿ. ಇನ್ನೊಂದು ಪದ್ಧತಿಯೂ ಉಂಟು. ಕಡೆಯ ಸ್ಥಾನ ಬಂದವರು ಬೆಂಚಿನ ಮೇಲೆ ನಿಂತು ತಮ್ಮ ಪೈಯ ಒಂದು ತುಂಡನ್ನು ಎಲ್ಲರೆದುರು ತಿಂದು ಮುಗಿಸಬೇಕು.

ವೆಂಡೆಲ್ ಬೇಕರ್ಸ್‌ಫೀಲ್ಡ್‌ನಲ್ಲಿದ್ದ ತಮ್ಮ ಗೋರ್ಡನ್‌ಗೆ ಫೋನು ಮಾಡಿದ. ತಾಯಿಯ ಶವಸಂಸ್ಕಾರದ ದಿನ ಕಾರು ನಿಲ್ಲಿಸುವ ಜಾಗಕ್ಕಾಗಿ ಜಗಳವಾಡಿದ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು.

"ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಾ. ಹಿಟ್ಟಿನಲ್ಲಿ ಮಾಡಿದ ಎಲೆ ಯಾವ ಪೈ ಮೇಲಿರುತ್ತೋ ಅದಕ್ಕೆ ರಿಬ್ಬನ್ ಕಟ್ಟು. ದೋಣಿ ನಿಂದು."

"ದೋಣಿ ತೂತಾಗಿಲ್ಲ ತಾನೆ?"

"ಸ್ವಂತ ಅಣ್ಣನ್ನ ನಂಬಲ್ವೇನೋ?"

"ಸ್ವಂತ ಅಣ್ಣ ಅಂತಲೇ ಕೇಳಿದ್ದು."

ವ್ಯೂಹ ಹೆಣೆದಾಯಿತು. ಆದರೆ ಸೇನಾಪತಿಗೆ ಕ್ಷೌರ ಮಾಡಿಸಿಕೊಳ್ಳುವ ಚಟ. ಗೆದ್ದ ದಿನದ ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ರೂಬೆನ್ ಓಚೋವಾನ ಅಂಗಡಿಯ ಕುರ್ಚಿಯೇರಿದ ವೆಂಡೆಲ್, ಕಿವಿಯ ಹಿಂದೆ ಕತ್ತರಿ ಆಡುವಷ್ಟರಲ್ಲಿ ಎಲ್ಲವನ್ನೂ ಬಾಯಿಬಿಟ್ಟ.

"ಯಾರಿಗೂ ಹೇಳಬೇಡ ಮಾರಾಯ."

"ನಾನಾ? ನನ್ನ ಬಾಯಿ ಅಂದ್ರೆ ಗೋರಿ ಕಣೋ" ಎಂದ ರೂಬೆನ್.

ನೆಲದ ಮೇಲಿನ ಕೂದಲು ಗುಡಿಸುವ ಮೊದಲೇ ಆ ಗೋರಿ ಬಾಯಿ ತೆರೆದಿತ್ತು.

ಶನಿವಾರ ಮಂಜು ಬೇಗ ಕರಗಿ ಬಿಸಿಲು ಬಿತ್ತು. ಗೋರ್ಡನ್‌ಗಿಂತ ಮುಂಚೆ ಬಂದ ಪ್ರವಾಸಿಗಳ ಕಾರುಗಳನ್ನು ಊರವರೇ ಕೈಬೀಸಿ ಸಮುದ್ರದ ದಾರಿಗೆ ಸಾಗಹಾಕಿದರು. ವೆಂಡೆಲ್ ಇದನ್ನು ತನ್ನ ಅದೃಷ್ಟ ಎಂದುಕೊಂಡ. ಕೊನೆಗೆ ಗೋರ್ಡನ್ ಇಳಿದ. ಅಗಲ ಟೋಪಿ, ಕಪ್ಪು ಕನ್ನಡಕ, ಹೊಸದಾಗಿ ಬಿಟ್ಟ ಮೀಸೆ. ಮೂಗು ಮಾತ್ರ ಅಣ್ಣನದೇ.

"ನಮ್ಮೂರಲ್ಲಿ ನಿಮಗೆ ಗುರುತಿನವರು ಯಾರಾದ್ರೂ ಇದಾರಾ?" ಎಂದು ಪೆಗಿ ಕೇಳಿದಳು.

"ಒಂದು ನರಪಿಳ್ಳೆಯೂ ಇಲ್ಲ."

"ಅಯ್ಯೋ ಪಾಪ. ಸಂಜೆಯೊಳಗೆ ಆಗ್ತಾರೆ ಬಿಡಿ."

ಅವಳು ಪೈಗಳ ಮೇಲಿನ ಬಟ್ಟೆ ಸರಿಸಿದಳು. ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಸಾಲಾಗಿ ಕುಳಿತ ಪೈಗಳ ಮೇಲೆ, ಪ್ರತಿಯೊಂದರ ಮೇಲೂ, ಒಂದೊಂದು ಹಿಟ್ಟಿನ ಎಲೆ.

ವೆಂಡೆಲನ ಮುಖ ಹಸಿ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಆದರೂ ವೀರ ಕೈಚೆಲ್ಲಲಿಲ್ಲ. ಗೋರ್ಡನ್‌ನ ಚಮಚ ತನ್ನ ಪೈ ಮುಟ್ಟಿದಾಗ ಕೆಮ್ಮಿ ಸುಳಿವು ಕೊಡೋಣ ಎಂದು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಚಮಚ ಮೊದಲ ಪೈ ಮುಟ್ಟಿತು. ರೂಬೆನ್ ಕೆಮ್ಮಿದ. ಎರಡನೆಯದಕ್ಕೆ ಪಾದ್ರಿಗಳು ಕೆಮ್ಮಿದರು. ಮೂರನೆಯದಕ್ಕೆ ಇಡೀ ಚೌಕವೇ ಕ್ಷಯ ಹಿಡಿದಂತೆ ಕೆಮ್ಮಿತು. ತನ್ನ ಪೈಯ ಸರದಿ ಬಂದಾಗ ವೆಂಡೆಲ್ ಕರುಳು ಕಿತ್ತು ಬರುವಂತೆ ಕೆಮ್ಮಿದ. ಆ ಗದ್ದಲದಲ್ಲಿ ಯಾರ ಕೆಮ್ಮು ಯಾರದೆಂದು ತಿಳಿಯುವಂತಿರಲಿಲ್ಲ.

ಬೇರೆ ದಾರಿಯಿಲ್ಲದೆ ಗೋರ್ಡನ್ ಪ್ರಾಮಾಣಿಕನಾದ. ಕೊನೆಯ ಪೈಯ ಮೊದಲ ತುತ್ತಿಗೇ ಅವನ ದವಡೆ ನಿಂತಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಕಣ್ಣು ತುಂಬಿತ್ತು.

"ಇದು ನಮ್ಮಮ್ಮನ ಪೈ" ಎಂದ.

"ಪರವೂರಿನವರೇ, ನಿಮ್ಮಮ್ಮ ಯಾರೋ?" ಪೆಗಿ ಜೇನಿನಂಥ ದನಿಯಲ್ಲಿ ಕೇಳಿದಳು.

ಗೋರ್ಡನ್ ಮೂಗೊರೆಸಿಕೊಳ್ಳುತ್ತ ಜನರ ನಡುವೆ ನಿಂತ ವೆಂಡೆಲನತ್ತ ಬೆರಳು ತೋರಿಸಿದ. "ಅಗೋ, ಅವನನ್ನೇ ಕೇಳಿ."

ಚೌಕದ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನೀಲಿ ರಿಬ್ಬನ್ ಆರ್ಲೀನಳ ಪೈಗೆ ಹೋಯಿತು. "ಕಡೆಯದು ಯಾವುದು?" ಎಂದು ಪೆಗಿ ಕೇಳಿದಾಗ ಗೋರ್ಡನ್ ಒಂದು ತಟ್ಟೆಯನ್ನು ಎರಡು ಬೆರಳಲ್ಲಿ ದೂರ ತಳ್ಳಿದ. ಯಾರದೆಂದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

"ಇದನ್ನ ಮಾಡಿದೋನು ಅಡುಗೆಮನೆ ದಾರಿ ಮರೀಲಿ. ತಳ ಹಸಿ, ಮೇಲೆ ಇದ್ದಲು, ನಡುವೆ ಕ್ಲೋರಿನ್ ವಾಸನೆ."

ಪೆಗಿ ತಟ್ಟೆಯ ಅಡಿಯ ಹೆಸರು ಓದಬೇಕಾಗಿಯೇ ಬರಲಿಲ್ಲ.

"ಇಲ್ಲಿ ಮೋಸ ನಡೆದಿದೆ" ಎಂದ ವೆಂಡೆಲ್.

"ನಡೆದಿದೆ. ಮೋಸಕ್ಕೆ ನಾವು ನಿಯಮ ಮಾಡಿಲ್ಲ, ಕಡೆಯ ಸ್ಥಾನಕ್ಕೆ ಮಾಡಿದೀವಿ. ಬೆಂಚು ಹತ್ತು" ಎಂದಳು ಪೆಗಿ.

ಅವನು ಹತ್ತಿದ. ದೋಣಿಯ ಬೀಗದ ಕೈ ಎಲ್ಲಿ ಎಂದು ಕೆಳಗಿನಿಂದ ಗೋರ್ಡನ್ ಕೇಳಿದ. ಹಾಳಾಗಿ ಹೋಗು ಎಂದು ವೆಂಡೆಲ್ ಹೇಳಿದ. ಆರ್ಲೀನ್ ತಾನೇ ಮುಂದೆ ಬಂದು ತುಂಡು ಕತ್ತರಿಸಿ ಅವನ ಕೈಗಿಟ್ಟಳು. ಮದುವೆಯ ದಿನ ಕೇಕು ತಿನ್ನಿಸಿದಾಗಿನ ಅದೇ ನಗು.

ಮೊದಲ ತುತ್ತು ಬಾಯಲ್ಲಿ ಉಂಡೆಗಟ್ಟಿತು. ಅದನ್ನು ಕೆನ್ನೆಗೆ ಒತ್ತರಿಸಿ ಅವನು ಬಗ್ಗಿದ. "ಅಮ್ಮ ಏನು ಹಾಕ್ತಿದ್ಲು? ಅದೊಂದು ಹೇಳಿಬಿಡು."

ಆರ್ಲೀನ್ ಇಡೀ ಚೌಕಕ್ಕೆ ಕೇಳುವಂತೆ ಹೇಳಿದಳು. "ಏಪ್ರಿಕಾಟ್ ಬೀಜ ಒಡೆದು ಒಳಗಿನ ತಿರುಳು ಹುರಿದು, ಹಾಲಲ್ಲಿ ನೆನೆಸಿ ಹಾಕ್ತಿದ್ರು. ನಿನಗೆ ಹೇಳಿಕೊಡೋಣ ಅಂತ ಎಷ್ಟು ಸಲ ಕರೆದ್ರು. ನೀನು ಟೀವಿ ದನಿ ಜಾಸ್ತಿ ಮಾಡ್ದೆ."

ಜನರ ನಗು ಥಟ್ಟನೆ ಅಡಗಿತು. ಊರಿನ ಹೆಂಗಸರು ತುಟಿಯಲ್ಲೇ ಬೀಜ, ತಿರುಳು, ಹಾಲು ಎಂದು ಗುನುಗತೊಡಗಿದರು. ಪಾದ್ರಿಗಳು ಅಂಗೈ ಮೇಲೆ ಪೆನ್ನಿನಿಂದ ಗೀಚಿಕೊಂಡರು. ಕೈ ಪಳಗದವರಿಗೆ ಈ ಗುಟ್ಟಿನಿಂದ ಏನೂ ದಕ್ಕದೆಂದು ಆರ್ಲೀನಳಿಗೆ ಗೊತ್ತಿತ್ತು. ಹಾಗಾಗಿ ಅವಳು ಅತ್ತೆಯ ವಿದ್ಯೆಯನ್ನು ಊರಿಗೆಲ್ಲ ಧಾರಾಳವಾಗಿ ಹಂಚಿದಳು.

ಎಲ್ಲರೂ ಕಲಿತರು. ಬೆಂಚಿನ ಮೇಲೆ ನಿಂತವನ ಕಿವಿಯಲ್ಲಿ ಮಾತ್ರ ಇನ್ನೂ ನಗುವೇ ಗುಂಯ್‌ಗುಡುತ್ತಿತ್ತು.

"ನೆನೆಸೋದು ಹಾಲಲ್ಲೋ, ನೀರಲ್ಲೋ?" ಎಂದ ವೆಂಡೆಲ್, ತುಂಬಿದ ಬಾಯಲ್ಲಿ.

"ಮೊದಲು ನುಂಗು" ಎಂದಳು ಪೆಗಿ.