ಗಾಂಧಾರಿ ಯಾವ ಗಾಡಿಗೆ ಬರುತ್ತೆ?

ಗೆಳೆಯರೇ, ಕಾರ್ಖಾನೆಗಳೇ ತುಂಬಿದ ಪೀಣ್ಯದಲ್ಲಿ ರೂಮು ಹಿಡಿಯುವಾಗ ಓನರ್ ಅಂಕಲ್‌ಗೆ "ಪಾರ್ಟ್ ಮಾಡ್ತೀನ್ರಿ" ಎಂದಿದ್ದೆ. ಅವರು ಮಷೀನ್ ಪಾರ್ಟ್ ಅಂದುಕೊಂಡರು. ನಾಟಕದವಳು ಎನ್ನಲು ಹೆದರಿ ನಾನೂ ಸುಮ್ಮನಾದೆ.

ಇವತ್ತು ಬೆಳಿಗ್ಗೆ ಲೇತ್ ಶಾಪ್ ಇಟ್ಟಿರುವ ತಮ್ಮ ಸ್ನೇಹಿತರನ್ನೇ ಕರೆತಂದರು. "ನಮ್ ಹುಡ್ಗಿ ಪಾರ್ಟ್ ಮಾಡ್ತಾಳೆ, ಕೆಲ್ಸ ಇದ್ರೆ ಕೊಡಪ್ಪ."

"ಯಾವ್ ಪಾರ್ಟಮ್ಮಾ?" ಎಂದರು ಆ ಸ್ನೇಹಿತರು.

ಬಾಯಿ ತಪ್ಪಿ ನಿಜ ಹೇಳಿಬಿಟ್ಟೆ. "ಸದ್ಯಕ್ಕ ಗಾಂಧಾರಿ ರೀ."

"ಅದ್ಯಾವ್ ಗಾಡಿಗೆ ಬರುತ್ತೆ?"

ನಾಟಕದ ಪಾರ್ಟೆಂದು ಒಪ್ಪಿಕೊಂಡೆ. ರೂಮು ಹೋಯಿತು ಎಂದು ತಲೆ ತಗ್ಗಿಸಿ ನಿಂತೆ. ಅಂಕಲ್ ಲುಂಗಿ ಬಿಗಿದು ಮೀಸೆ ತಿರುವಿದರು.

"ನಮ್ಮೂರಲ್ಲಿ ನಾಟ್ಕ ಆಡ್ದಾಗೆಲ್ಲ ನಾನೇ ದುರ್ಯೋಧನ ಕಣಮ್ಮಾ! ಅಂಗಾದ್ರೆ ನೀನು ನಮ್ಮವ್ವ. ಬಾ, ತಿಂಡಿ ತಿನ್ನು."

ಇಪ್ಪತ್ತೆರಡಕ್ಕೇ ನನಗೆ ಅರವತ್ತರ ಮಗ. ಅದೂ ಬೆಂಗಳೂರಿನಲ್ಲಿ ಸ್ವಂತ ಮನೆಯಿರುವವನು!