ಏಳು ಸೆಕೆಂಡಿನ ಫ್ಯಾನು

ಕಳೆದ ತಿಂಗಳು ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲ ಸೇರಿ ನನ್ನನ್ನು ಹೊನ್ನಾವರದ ಹೊಳೆಯಲ್ಲಿ ಸ್ಪೀಡ್ ಬೋಟು ಹತ್ತಿಸಿದರು. ಕಿತ್ತಳೆ ಬಣ್ಣದ ಜಾಕೆಟ್ಟಿನ ಬೆಲ್ಟು ಹೊಟ್ಟೆಯ ಮುಂದೆ ಸೇರಲಿಲ್ಲ. ಇನ್ನೂ ದೊಡ್ಡದು ತರಿಸಿದರು, ಅದೂ ಸೇರಲಿಲ್ಲ. ಕೊನೆಗೆ ಹಗ್ಗ ಕಟ್ಟಿ ಕೂರಿಸಿದ ಆ ಸಂಭ್ರಮವನ್ನು ಇಲ್ಲಿ ವರ್ಣಿಸುವುದಿಲ್ಲ. ಬೋಟು ದಂಡೆ ಬಿಟ್ಟು ಮೊದಲ ತಿರುವು ತೆಗೆದುಕೊಂಡಾಗ ಹಿಂದಿನ ಎಂಜಿನ್ನು ಒಮ್ಮೆಲೇ ಚೀರಿತು. ವೇಗ ಮಾತ್ರ ಹೆಚ್ಚಲಿಲ್ಲ. ಮಕ್ಕಳು ಕೇಕೆ ಹಾಕಿದರು. ನನ್ನ ಬಾಯಿಂದ ತಂತಾನೇ ಬಂತು: "ಫ್ಯಾನು ನೀರು ಬಿಟ್ಟಿತು."

"ಎಂತ ಹೇಳಿದ್ರಿ ಅಪ್ಪಯ್ಯ?" ಎಂದಳು ಮಗಳು. ಏನಿಲ್ಲ ಎಂದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದ ಹೊಳನಗದ್ದೆಯ ಮಾಸ್ತರನಿಗೆ ಬೋಟಿನ ವಿದ್ಯೆ ಎಲ್ಲಿಂದ ಬಂತು ಎಂಬುದನ್ನು ನಾನು ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳಿಲ್ಲ. ಹೇಳಿದರೆ ನನ್ನ ಮರ್ಯಾದೆ ಹೋಗುವ ಒಂದು ಭಾಗ ಅದರಲ್ಲಿ ಬರುತ್ತದೆ. ನಿಮ್ಮೆದುರು ಹೋದರೆ ಚಿಂತೆಯಿಲ್ಲ.

ನಮ್ಮ ಕಡೆ ಪ್ರೊಪೆಲ್ಲರ್ ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ಫ್ಯಾನು ಎನ್ನಬೇಕು. ಭಟ್ಕಳದಿಂದ ಕುಮಟೆಯವರೆಗೆ ಬಂಡೆಗೆ ಬಡಿದು ಸೊಟ್ಟಗಾದ, ಬಲೆ ಸುತ್ತಿ ಮುರುಟಿದ ಫ್ಯಾನುಗಳೆಲ್ಲ ಆಗ ಹೊನ್ನಾವರದ ಹೊಳೆಯಾಚೆ ಕಾಸರಕೋಡಿನಲ್ಲಿದ್ದ ಜಟ್ಟಪ್ಪನ ಶೆಡ್ಡಿಗೆ ಬರುತ್ತಿದ್ದವು. ನಾನು ಅಲ್ಲಿಗೆ ಮೊದಲ ಸಲ ಹೋದದ್ದು ಹೆಂಡತಿಯ ಈಳಿಗೆ ಮಸೆಯಿಸಲು. ಜಟ್ಟಪ್ಪ ಈಳಿಗೆಯ ಕಡೆ ನೋಡಲೇ ಇಲ್ಲ. ಹೆಣ್ಣು ನೋಡಲು ಬಂದವರ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾಸ್ತರೆ, ನಿಮ್ಮ ತೂಕ ಎಷ್ಟಾತು?" ಎಂದು ಕೇಳಿದ.

ಅವನಿಗೆ ಭಾರ ಬೇಕಾಗಿತ್ತು. ಕಾರಣ ಕೇಳಿದ ಮೇಲೆ ನನಗೆ ನಗು ಬರಲಿಲ್ಲ.

ಶರಾವತಿ ಸಮುದ್ರ ಸೇರುವ ಅಳಿವೆ ದೂರದಿಂದ ನೋಡಲು ಚಂದ. ಒಳಗೆ ಮರಳ ದಿಬ್ಬ ಬೆಳೆದಿದೆ, ಅದರ ಮೇಲೆ ತೆರೆ ಒಡೆಯುವ ದಿನ ಮೀನು ಬೋಟುಗಳು ಮಗುಚುತ್ತವೆ. ಹಾಗೆ ಮಗುಚಿದ ಒಂದು ಬೋಟಿನಲ್ಲಿ ಜಟ್ಟಪ್ಪನ ತಮ್ಮ ಮಾಸ್ತಿ ಇದ್ದ. ಎತ್ತಿ ತರಲು ಹೋದ ಸಣ್ಣ ಬೋಟು ಐದು ಜನರನ್ನೂ ಜೀವಂತವಾಗಿಯೇ ಮೇಲೆಳೆದುಕೊಂಡಿತು. ಆದರೆ ಅಷ್ಟು ಭಾರ ಹೊತ್ತು ಅದಕ್ಕೆ ಏಳಲಾಗಲಿಲ್ಲ. ವೇಗದ ಬೋಟು ಮೊದಲು ಮೂತಿ ಮೇಲೆ ಮಾಡಿ ನೀರನ್ನು ಉಳುತ್ತದೆ. ಆಮೇಲೆ ಮೂತಿ ಇಳಿಸಿ ನೀರಿನ ಮೇಲೆ ಎದ್ದು ಓಡುತ್ತದೆ. ಇದು ಉಳುತ್ತಲೇ ಇದ್ದಾಗ ಹಿಂದಿನಿಂದ ತೆರೆ ಬಂದು ಮುಚ್ಚಿತು. ಉಳಿದವರು ಈಜಿ ದಂಡೆ ಮುಟ್ಟಿದರು, ಮಾಸ್ತಿ ಮುಟ್ಟಲಿಲ್ಲ. ಜಟ್ಟಪ್ಪ ದಂಡೆಯಲ್ಲಿ ನಿಂತು ನೋಡುತ್ತಿದ್ದ.

ಆಮೇಲೆ ಊರ ಮೀನುಗಾರರು ಸೇರಿ, ಮಗುಚಿದವರನ್ನು ಎತ್ತಿ ತರಲೆಂದೇ ಗೋವೆಯ ಕಡೆಯಿಂದ ಹಳೆಯ ರೇಸಿನ ಬೋಟೊಂದನ್ನು ತಂದರು. ಚೂಪು ಮೂತಿ, ಹಿಂದೆ ಇನ್ನೂರು ಕುದುರೆಯ ಎಂಜಿನ್ನು. ಖಾಲಿ ಬಿಟ್ಟರೆ ಹಾರುತ್ತಿತ್ತು. "ಖಾಲಿ ಹಾರುದು ಎಂತ ದೊಡ್ಡಸ್ತಿಕೆ? ಕಾಕೆಯೂ ಹಾರ್ತದೆ," ಎಂದು ಜಟ್ಟಪ್ಪ ಮೂಗು ಮುರಿದ. ಇಡೀ ಮಳೆಗಾಲ ದಂಡೆಯ ಮೇಲೆ ಕೂತು ತೆರೆಗಳನ್ನು ಎಣಿಸಿದ್ದವನು ಅವನು. ದೊಡ್ಡ ತೆರೆ ಒಡೆದ ಮೇಲೆ ಮುಂದಿನದು ಬರಲು ಎಷ್ಟು ಕೆಟ್ಟ ದಿನವಾದರೂ ಏಳು ಸೆಕೆಂಡು ಸಿಗುತ್ತದೆ, ಅದಕ್ಕಿಂತ ಹೆಚ್ಚು ನಂಬುವ ಹಾಗಿಲ್ಲ ಎಂದು ಕಂಡುಕೊಂಡಿದ್ದ. ಐದಾಳಿನ ಭಾರ ಹೊತ್ತು, ನಿಂತ ನೀರಿನಿಂದ ಹೊರಟು, ಏಳು ಸೆಕೆಂಡಿನೊಳಗೆ ಬೋಟು ಏಳಬೇಕು. ಅವನಿಗೆ ಬೇಕಾದದ್ದು ಇಷ್ಟೇ.

ಭಾರಕ್ಕೆ ಮೊದಲು ಮರಳಿನ ಚೀಲ ಇಟ್ಟು ನೋಡಿದ್ದನಂತೆ. "ಮರಳು ನೀರು ಕುಡೀತದೆ, ದಿನಕ್ಕೊಂದು ತೂಕ ಆಗ್ತದೆ. ಮಾಸ್ತರು ಕುಡೂದಿಲ್ಲ," ಎಂದು ನನ್ನನ್ನು ಆರಿಸಿಕೊಂಡ. ಉಳಿದ ಭಾರಕ್ಕೆ ಹಳೆಯ ಎಂಜಿನ್ನಿನ ಕಬ್ಬಿಣ. ಪ್ರತಿ ಭಾನುವಾರ ಬೆಳಿಗ್ಗೆ ಬಂದರಿನಲ್ಲಿ ಮೀನು ತೂಗುವ ತಕ್ಕಡಿಯ ಮೇಲೆ ನನ್ನನ್ನು ನಿಲ್ಲಿಸಿ ತೂಗುವುದು ಪದ್ಧತಿಯಾಯಿತು. ಮೀನು ಮಾರುವ ಹೆಂಗಸರು ಕೆಲಸ ಬಿಟ್ಟು ಬಂದು ಸುತ್ತ ನಿಲ್ಲುತ್ತಿದ್ದರು. "ಇದು ಎಂತ ಮೀನಾ ಜಟ್ಟಪ್ಪಣ್ಣ? ಒಂದು ಕೊಯ್ದರೆ ಊರಿಗೇ ಸಾಕು!" ಮದುವೆ ಊಟಕ್ಕೆ ಹೋದರೆ ಎರಡನೆಯ ಹೋಳಿಗೆ ಮುಟ್ಟಕೂಡದು, ಏಕಾದಶಿ ಮಾಡಕೂಡದು ಎಂದು ಜಟ್ಟಪ್ಪನ ಕಟ್ಟಪ್ಪಣೆ. ಜೀವನದಲ್ಲಿ ನನ್ನ ಹೊಟ್ಟೆಗೆ ಅಷ್ಟು ಗೌರವ ಮತ್ತೆ ಸಿಗಲಿಲ್ಲ.

ಶಾಲೆಯ ಕ್ರೀಡಾಕೂಟದ ಸ್ಟಾಪ್‌ವಾಚು ನನ್ನ ಕೈಯಲ್ಲಿತ್ತು. ಜಟ್ಟಪ್ಪ "ಹೋ!" ಎಂದಾಗ ಒತ್ತುವುದು, ಮೂತಿ ಇಳಿದಾಗ ಮತ್ತೆ ಒತ್ತಿ ಹೇಳುವುದು. ಮೊದಲ ದಿನ ಹನ್ನೆರಡು ಬಂತು. ಜಟ್ಟಪ್ಪ ಫ್ಯಾನು ಬಿಚ್ಚಿ ಶೆಡ್ಡಿಗೆ ಒಯ್ದ. ರೆಕ್ಕೆ ಹೆಚ್ಚು ಓರೆಯಿದ್ದರೆ ಬೋಟು ಜೋರು ಓಡುತ್ತದೆ, ಆದರೆ ಹೊರಡುವಾಗ ಒದ್ದಾಡುತ್ತದೆ, ಗುಡ್ಡ ಹತ್ತುವಾಗ ಸೈಕಲ್ಲಿನ ದೊಡ್ಡ ಗೇರಿನ ಹಾಗೆ. ಅವನು ಓರೆ ಕಡಿಮೆ ಮಾಡಿದ. ಮುಂದಿನ ವಾರ ರೆಕ್ಕೆಯ ತುದಿಯನ್ನು ಕೂದಲೆಳೆಯಷ್ಟು ಅರ ಹಾಕಿ ಉಜ್ಜಿದ. ಅದರ ಮುಂದಿನ ವಾರ ಹಿಂದಿನ ಅಂಚನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಬೊಗಸೆಯ ಹಾಗೆ ಬಗ್ಗಿಸಿದ, ತಿರುವಿನಲ್ಲಿ ಫ್ಯಾನು ನೀರು ಬಿಡಬಾರದೆಂದು, ಅಂದರೆ ನೀರಿನ ಹಿಡಿತ ತಪ್ಪಿ ಸುಮ್ಮನೆ ತಿರುಗಬಾರದೆಂದು. ಇನ್ನೊಂದು ವಾರ ಬುಡದಲ್ಲಿ ಸಣ್ಣ ತೂತುಗಳನ್ನು ಕೊರೆದ. ಹೊರಡುವಾಗ ಎಂಜಿನ್ನಿನ ಹೊಗೆ ಆ ತೂತುಗಳಿಂದ ನುಗ್ಗಿದರೆ ಫ್ಯಾನು ತುಸು ಜಾರುತ್ತದೆ, ಎಂಜಿನ್ನಿಗೆ ಉಸಿರು ತೆಗೆದುಕೊಳ್ಳಲು ಪುರುಸೊತ್ತು ಸಿಗುತ್ತದೆ. ಒಂದು ವಾರಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ ಎಂಬುದನ್ನು ನಾನು ವಿಜ್ಞಾನದ ಪುಸ್ತಕದಲ್ಲಿ ಓದಿದ್ದೆ, ಅವನು ಫ್ಯಾನು ಹಾಳು ಮಾಡಿ ಕಲಿತಿದ್ದ. ಹನ್ನೆರಡು ಹತ್ತಾಯಿತು, ಒಂಬತ್ತಾಯಿತು, ಎಂಟಕ್ಕೆ ಬಂದು ಜಪ್ಪಯ್ಯ ಎಂದರೂ ಕದಲದೆ ಕೂತಿತು.

ಇನ್ನು ನನ್ನ ಮರ್ಯಾದೆಯ ಭಾಗ. ಮಾಸ್ತರಿಕೆಯಲ್ಲಿ ನನ್ನದು ಒಂದು ಚಟವಿತ್ತು. ಮೂವತ್ತಮೂರು, ಮೂವತ್ತನಾಲ್ಕರಲ್ಲಿ ನಿಂತ ಹುಡುಗನ ಪೇಪರು ಕೈಗೆ ಬಂದರೆ ನನ್ನ ಪೆನ್ನು ತಾನಾಗಿ ಮೂವತ್ತೈದು ಬರೆಯುತ್ತಿತ್ತು. ಕೈ ದೊಡ್ಡದು ಎಂದು ಹೊಗಳಿಸಿಕೊಂಡವನು ನಾನು. ಮಾಘದ ಒಂದು ಭಾನುವಾರ ಮೂತಿ ಇಳಿದಾಗ ಗುಂಡಿ ಒತ್ತಿದೆ. ಎಂಟು, ಅದರ ಮೇಲೆ ಒಂದು ಚೂರು. ತಲೆಯೆತ್ತಿದರೆ ಜಟ್ಟಪ್ಪ ನನ್ನನ್ನೇ ನೋಡುತ್ತಿದ್ದ. ನಾಲ್ಕು ತಿಂಗಳಿನಿಂದ ಅದೇ ಮುಖ ಹೊತ್ತು ಕೇಳುತ್ತಿದ್ದ. ನನ್ನ ಕೈಲಿ ಆಗಲಿಲ್ಲ. "ಏಳು," ಎಂದೆ.

ಅವನು ಎಂಜಿನ್ನು ನಿಲ್ಲಿಸಿ, ತಲೆಯ ಮುಂಡಾಸು ಬಿಚ್ಚಿ ಮುಖಕ್ಕೆ ಒತ್ತಿಕೊಂಡ. ಆಮೇಲೆ, "ಆತು ಮಾಸ್ತರೆ. ನಾಳೆಗೇ ಪೂಜೆ ಮಾಡಿ ಅಳಿವೆಗೆ ಇಳಿಸ್ವ," ಎಂದ.

ನಾನು ಮನೆಗೆ ಬಂದು ಊಟಕ್ಕೆ ಕೂತೆ. ಆ ಬೋಟು ನನ್ನ ಮಾತು ನಂಬಿ ಅಳಿವೆಗೆ ಹೋಗುತ್ತದೆ, ಅದರೊಳಗೆ ಯಾರದೋ ತಮ್ಮಂದಿರು ಇರುತ್ತಾರೆ. ಕೈ ತೊಳೆದವನೇ ಕುಮಟೆಗೆ ಬಂದು ಬಸ್ಸು ಹತ್ತಿದೆ. ಜಟ್ಟಪ್ಪ ಶೆಡ್ಡಿನಲ್ಲಿ ಫ್ಯಾನಿಗೆ ಕೊಬ್ಬರಿ ಎಣ್ಣೆ ಒರೆಸುತ್ತಿದ್ದ. ಮಾಸ್ತಿಯ ಹೆಂಡತಿ ಮಾದೇವಿ ಮೀನು ಮಾರಿ ಬಂದವಳು ಬಾಗಿಲಲ್ಲಿ ಕೂತಿದ್ದಳು. ಅವಳೆದುರೇ ಹೇಳಬೇಕಾಯಿತು.

"ಎಷ್ಟಿತ್ತು?" ಎಂದ ಜಟ್ಟಪ್ಪ.

"ಎಂಟು. ಎಂಟರ ಮೇಲೆ ಒಂದು ಚೂರು."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಶಾಲೆಯಾಗೆ ಒಂದು ಮಾರ್ಕು ಹೆಚ್ಚು ಕೊಟ್ರೆ ಹುಡ್ಗ ಮುಂದಿನ ಕ್ಲಾಸಿಗೆ ಹೋಗ್ತ. ಇಲ್ಲಿ ಕೊಟ್ರೆ ಎಲ್ಲಿಗೆ ಹೋಗ್ತ ಹೇಳಿ?"

ಮಾದೇವಿ ಎದ್ದು ಬಂದು ನನ್ನೆದುರು ಕೈ ಚಾಚಿದಳು. "ಆ ಗಡಿಯಾರ ಇಲ್ಲಿ ಕೊಡಿ. ನಾ ಹಿಡೀತೆ."

ಮಾದೇವಿ ಎಂಟು ಬಂಗಡೆ ಕೊಡುವಲ್ಲಿ ಒಂಬತ್ತನೆಯದನ್ನು ಎಂದೂ ಹಾಕಿದವಳಲ್ಲ, ಏಳು ಕೊಟ್ಟವಳೂ ಅಲ್ಲ. ಮುಂದಿನ ಭಾನುವಾರ ದಂಡೆಯ ಮೇಲೆ ಗಡಿಯಾರ ಹಿಡಿದು ನಿಂತಳು. ನಾನು ಮತ್ತೆ ಬರಬೇಕೋ ಬೇಡವೋ ಎಂದು ದೂರ ನಿಂತಿದ್ದರೆ ಜಟ್ಟಪ್ಪ ಕರೆದ: "ಬನ್ನಿ, ಕೂತ್ಕಳಿ. ತೂಕಕ್ಕೆ ಮಾತ್ರ. ಬಾಯಿ ತೆಗೂಕೆ ಇಲ್ಲ." ಹಾಗೆ ನಾನು ಬರೀ ಸಾಮಾನಾಗಿ ಬೋಟು ಹತ್ತಿದೆ. ಅವಮಾನವಾಯಿತು, ನಿಜ. ಕರೆದನಲ್ಲ ಎಂದು ಕಣ್ಣೂ ತುಂಬಿತು.

ಮಾದೇವಿ ದಂಡೆಯಿಂದ ಕೂಗುತ್ತಿದ್ದಳು: "ಎಂಟು!" ಮುಂದಿನ ವಾರ, "ಏಳೂಮುಕ್ಕಾಲು!" ಅದರ ಮುಂದಿನ ವಾರ ಮತ್ತೆ, "ಎಂಟು!" ಗಂಡನನ್ನು ಕಳೆದುಕೊಂಡವಳ ಬಾಯಲ್ಲಿ ಆ ಅಂಕಿಗಳು ಕರುಣೆಯಿಲ್ಲದೆ ಬರುತ್ತಿದ್ದವು. ಒಂದು ಫ್ಯಾನು ಸೀಳಿತು. ಭಟ್ಕಳದ ಗುಜರಿಯಿಂದ ಇನ್ನೊಂದು ತಂದು ಜಟ್ಟಪ್ಪ ಮೊದಲಿನಿಂದ ಶುರು ಮಾಡಿದ. ಯುಗಾದಿ ಕಳೆದು ಸೆಕೆ ಏರಿದ ಮೇಲೆ, ಬುಡದ ತೂತುಗಳನ್ನು ಕಡಲೆ ಕಾಳಿನಷ್ಟು ದೊಡ್ಡದು ಮಾಡಿದ ವಾರ, ದಂಡೆಯಿಂದ ಸದ್ದೇ ಬರಲಿಲ್ಲ. ಬೋಟು ತಿರುಗಿಸಿಕೊಂಡು ಹತ್ತಿರ ಬಂದೆವು. ಮಾದೇವಿ ಗಡಿಯಾರವನ್ನೇ ನೋಡುತ್ತಿದ್ದಳು. "ಇನ್ನೊಂದು ಸಲ ಮಾಡಿ," ಎಂದಳು. ಮಾಡಿದೆವು. "ಮತ್ತೊಂದು ಸಲ." ಅದೂ ಆಯಿತು. ಆಗ ಹೇಳಿದಳು: "ಆರೂವರೆ. ಮೂರು ಸಲವೂ ಆರೂವರೆ."

ಆ ವರ್ಷ ಮಳೆಗಾಲದಲ್ಲಿ ಮೀನು ಹಿಡಿಯಬಾರದೆಂಬ ಬಂದಿ ಮುಗಿದು ಬೋಟುಗಳು ಇಳಿದ ಮೊದಲ ವಾರವೇ ಅಳಿವೆಯಲ್ಲಿ ಒಂದು ಮಗುಚಿತು. ಜಟ್ಟಪ್ಪ ರೇಸಿನ ಬೋಟು ತೆಗೆದುಕೊಂಡು ಹೋದ. ಭಾನುವಾರವಾದ್ದರಿಂದ ನಾನೂ ದಂಡೆಯಲ್ಲಿದ್ದೆ. ನಾಲ್ಕು ಜನರನ್ನು ಮೇಲೆಳೆದುಕೊಂಡು ಅವನು ಹೊರಟಾಗ ನನ್ನ ಪಕ್ಕ ನಿಂತಿದ್ದ ಮಾದೇವಿ, ಭತ್ತ ಅಳೆಯುವವರ ಹಾಗೆ ಒಂದರ ಬದಲು ಲಾಭ ಎಂದು, ಗಟ್ಟಿಯಾಗಿ ಎಣಿಸತೊಡಗಿದಳು: "ಲಾಭ, ಎರಡು, ಮೂರು..." ಆರು ದಾಟುವಾಗ ಮೂತಿ ಇಳಿಯಿತು, ಬೋಟು ಎದ್ದು ಹೊಳೆಯ ಕಡೆ ಓಡಿತು. ಅದು ಬಿಟ್ಟ ಜಾಗದಲ್ಲಿ ತೆರೆ ಬಂದು ಒಡೆದಾಗ ಅವಳು ಎಂಟು ಎಂದಿರಲಿಲ್ಲ. ಮಾದೇವಿ ಮರಳಿನ ಮೇಲೆ ಕುಸಿದು ಕೂತು, "ಇದು ಆಗ ಇದ್ದಿದ್ರೆ," ಎಂದು ದೊಡ್ಡ ದನಿ ತೆಗೆದು ಅತ್ತಳು. ನನ್ನ ಏಳನ್ನು ಜಟ್ಟಪ್ಪ ನಂಬಿಕೊಂಡೇ ಇದ್ದಿದ್ದರೆ ಎಂದು ಆಗಲೂ ಅನಿಸಿತು, ಈಗಲೂ ಅನಿಸುತ್ತದೆ.

ಜಟ್ಟಪ್ಪ ಈಗಿಲ್ಲ. ಶೆಡ್ಡಿದ್ದ ಜಾಗ ಹೆದ್ದಾರಿಗೆ ಹೋಯಿತು. ಹೊಳೆಯಲ್ಲಿ ಈಗ ಪ್ರವಾಸಿಗಳ ಬೋಟುಗಳು.

ಕಳೆದ ತಿಂಗಳಿನ ಆ ಬೋಟು ದಂಡೆಗೆ ಬಂತು. ನನ್ನ ಹಗ್ಗ ಬಿಚ್ಚಿದರು. ಬೋಟು ಓಡಿಸಿದವನು ನಗುತ್ತ ಮೊಬೈಲು ಮುಂದೆ ಹಿಡಿದ. "ಖುಷಿ ಆತಾ ಸರ್? ಇಲ್ಲಿ ಐದು ಸ್ಟಾರ್ ಒತ್ತಿಬಿಡಿ." ನನ್ನ ಬೆರಳು ಅಭ್ಯಾಸಬಲದಿಂದ ಐದರ ಹತ್ತಿರ ಹೋಗಿ ನಿಂತಿತು.

"ಎರಡೇ ಕೊಡ್ತೆ ತಮ್ಮಾ," ಎಂದೆ. "ನಿನ್ನ ಫ್ಯಾನು ತಿರುವಿನಲ್ಲಿ ನೀರು ಬಿಡ್ತದೆ. ಎತ್ತಿ ನೋಡು."

ಮಗಳು ಹಿಂದಿನಿಂದ ತೋಳು ಚಿವುಟಿದಳು. ಅವನ ಮುಖ ಸಣ್ಣದಾಯಿತು. ನನಗೂ ಸಂಕಟವೇ ಆಯಿತು, ಆದರೆ ಅಲ್ಲಿಂದ ಕದಲಲಿಲ್ಲ. ಜಾಕೆಟ್ಟು ತೊಟ್ಟ ಮುಂದಿನ ತಂಡ ಸಾಲಾಗಿ ನಿಂತಿತ್ತು, ಅರ್ಧಕ್ಕರ್ಧ ಮಕ್ಕಳು. ಅವನು ಗೊಣಗುತ್ತಲೇ ಎಂಜಿನ್ನನ್ನು ನೀರಿನಿಂದ ಮೇಲೆತ್ತಿದ. ಒಂದು ರೆಕ್ಕೆಯ ಅಂಚು ಮಡಚಿಕೊಂಡಿತ್ತು, ಬುಡದಲ್ಲಿ ಉಗುರು ತೂರುವಷ್ಟು ಬಿರುಕು. ಅವನು ಅದರ ಮೇಲೆ ಹೆಬ್ಬೆರಳು ಎಳೆದು ನೋಡಿದ, ತಿರುಗಿ ಸಾಲಿನಲ್ಲಿ ನಿಂತ ಮಕ್ಕಳನ್ನು ನೋಡಿದ.

"ಬೆಳಗಿಂದ ಹನ್ನೊಂದು ಟ್ರಿಪ್ ಹೊಡ್ದೆ ಸರ್," ಎಂದ. "ಎಲ್ಲರೂ ಐದೇ ಕೊಟ್ಟಿದ್ರು."