ರೈಲಿನ ರೇಡಿಯೊದಲ್ಲಿ ನನ್ನ ಸುದ್ದಿ

ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ವಾಚ್‌ಮನ್‌ನ ವಾಕಿಟಾಕಿ ಗರಗರ ಎಂದರೆ ಇಂದಿಗೂ ನನ್ನ ಮುಖ ಬಿಸಿಯಾಗುತ್ತದೆ.

ಸಿಂಗಾಪುರಕ್ಕೆ ಬಂದ ಹೊಸತು, ಮಗಳಿನ್ನೂ ಚಿಕ್ಕವಳು. ಇಲ್ಲಿನ ಮೆಟ್ರೋ ರೈಲು ಎಂಆರ್‌ಟಿ ಹತ್ತಿದರೆ ನಮ್ಮ ಯಜಮಾನರಿಗೆ ಸ್ಕ್ಯಾನರ್ ರೇಡಿಯೊದಲ್ಲಿ ರೈಲಿನವರ ಮಾತು ಕದ್ದು ಕೇಳುವ ಚಟ. ಹೆಂಡತಿಯ ಮಾತಿಗೆ ಮಾತ್ರ ಕಿವುಡು. ಅಂದು ನಾನು, ಇಲ್ಲಿನ ರೈಲಿನಲ್ಲಿ ತಿಂದರೆ ದಂಡವೆಂದು ಗೊತ್ತಿಲ್ಲದೆ, ಡಬ್ಬಿ ತೆರೆದು ಕೋಡುಬಳೆ ಕಡಿದೆ. ರೇಡಿಯೊ ಇಂಗ್ಲಿಷಿನಲ್ಲಿ ಏನೋ ಒದರಿತು, ಬೋಗಿಯೆಲ್ಲ ನಕ್ಕಿತು.

"ಅಮ್ಮಾ, ನಿನ್ ಬಗ್ಗೇನೇ ಲಾ! ಸೀರೆ ಆಂಟಿ ಟ್ರೈನಲ್ಲಿ ತಿಂತಿದಾರೆ, ಚೆಕ್ ಮಾಡಿ ಅಂತಿದಾರೆ!" ಎಂದು ಮಗಳು ಇಲ್ಲಿನವರಂತೆ ‘ಲಾ’ ಸೇರಿಸಿ ಹೇಳಿ ದೂರ ಹೋಗಿ ನಿಂತಳು.

ಮುಂದಿನ ಸ್ಟೇಷನ್‌ನಲ್ಲಿ ಅಧಿಕಾರಿ ಹತ್ತಿದ. ಮಗಳತ್ತ ಕೈ ತೋರಿಸಿ, "ಯುವರ್ ಡಾಟರ್?" ಎಂದ. ಅವಳು ನೆಲ ನೋಡುತ್ತಿದ್ದಳು. ಅವಳ ಮಾನ ಉಳಿಯಲೆಂದು "ನೋ" ಎಂದೆ. ಅವಳಿಗೆ ಕೇಳಿಸಿತು.

ಈಗ ಎಲ್ಲಿ ಹೋದರೂ "ನಮ್ಮಮ್ಮ" ಎಂದು ಕೈ ಹಿಡಿಯುತ್ತಾಳೆ. ಅವಳ ಮುಖ ನೋಡಲು ನನಗೇ ನಾಚಿಕೆ.